ಗಾಳ ಹಾಕುವ ಮೊದಲು

ಸಂಕ್ರಾಂತಿ ಕಳೆದು ವಾರವಾಗಿತ್ತು. ಒಂದು ಸಂಜೆ ನನ್ನ ಸೋದರಮಾವ ಫೋನು ಮಾಡಿದರು. ಕುಶಲ ವಿಚಾರಿಸುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇಲ್ಲ. "ಬೇಸಿಗೆ ಬಲಿಯೋದ್ರೊಳಗೆ ಒಂದಿನ ಗಾಳಕ್ಕೆ ಹೋಗ್ಬೇಕು ಕಣೋ. ಯಾವ ಕೆರೆ, ಯಾವತ್ತು, ಎಲ್ಲ ನೀನೇ ನೋಡಿ ಹೇಳು" ಎಂದವರೇ ಇಟ್ಟುಬಿಟ್ಟರು.

ನಾನು ಫೋನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದೆ. ಮಾವನಿಗೆ ಎಂಬತ್ತೆರಡು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದಕ್ಕೆ ಒಪ್ಪುತ್ತಿಲ್ಲ. ಮಂಡಿ ಹಿಡಿದುಕೊಂಡು ಮೂರು ವರ್ಷವಾಯಿತು. ನನ್ನ ಹುಡುಗಾಟದ ಕಾಲದಲ್ಲಿ ಯಾವ ಕೆರೆಗೆ, ಯಾವ ಹೊತ್ತಿಗೆ, ಯಾವ ಹುಳ ಕಟ್ಟಿಕೊಂಡು ಹೋಗಬೇಕೆಂದು ಹೇಳುತ್ತಿದ್ದವರು ಅವರು. ಡಬ್ಬಿ ಹಿಡಿದುಕೊಂಡು ಹಿಂದೆ ಓಡುತ್ತಿದ್ದವನು ನಾನು. ಈಗ ಡಬ್ಬಿ ಅವರ ಕೈಗೆ ಹೋಗಿ ಯೋಜನೆ ನನ್ನ ತಲೆಗೆ ಬಂದಿತ್ತು. ಆ ಮಂಡಿ ಇನ್ನೊಂದು ಸಲ ಏರಿ ಇಳಿಯಲು ಒಪ್ಪುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಹಾಗಾಗಿ ಇದೊಂದು ದಿನ ಕೆಡಬಾರದು ಎಂದುಕೊಂಡೆ.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿ ನಿವೃತ್ತನಾದವನು. ಇಂಥವನಿಗೆ ಮೀನು ಹಿಡಿಯುವ ಕೆಲಸ ಒಪ್ಪಿಸಿದರೆ ಏನಾಗುತ್ತದೆ? ಅವನು ಮೊದಲು ಕಪಾಟು ತೆರೆಯುತ್ತಾನೆ. ನಾನೂ ತೆರೆದೆ. ಒಂದು ಹಾಳೆಯ ಮೇಲೆ 'ಯಾವ ಕೆರೆ?' ಎಂದು ಬರೆದು ಅಡಿಗೆರೆ ಎಳೆದೆ.

ಪ್ರಶ್ನೆ ಸಣ್ಣದಲ್ಲ. ನಮ್ಮದು ಸೊರಬ ಸೀಮೆ. ಸೊರಬ, ಸಾಗರ, ಶಿಕಾರಿಪುರ ಮೂರೂ ತಾಲ್ಲೂಕುಗಳ ನಕ್ಷೆಯನ್ನು ಹರಡಿದರೆ ನೀಲಿ ಶಾಯಿಯ ಪೆನ್ನನ್ನು ಯಾರೋ ಕೊಡವಿದ ಹಾಗೆ ಕಾಣುತ್ತದೆ. ಊರಿಗೊಂದು ಕೆರೆ ಎನ್ನುವುದು ಇಲ್ಲಿ ಕಡಿಮೆ ಲೆಕ್ಕ. ಊರಕೆರೆ, ಹಿರೇಕೆರೆ, ದೇವರಕೆರೆ, ತಾವರೆಕೆರೆ ಎಂದು ಒಂದೇ ಊರಿಗೆ ಮೂರು ನಾಲ್ಕು. ಇಡೀ ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬನಿಗೆ ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಒಂದು ಜಾಣತನದ ಕೆಲಸ ಎನಿಸಿತ್ತು; ಇದ್ದ ಹಳ್ಳಕ್ಕೆಲ್ಲ ಹಿಂದಿನವರು ಆಗಲೇ ಏರಿ ಹಾಕಿ ಮುಗಿಸಿದ್ದರು. ಆದರೂ 1882ರಲ್ಲಿ ಬೆಂಗಳೂರಿನಲ್ಲಿ ಅವನ ಹೆಸರಿನದೇ ಒಂದು ಕೆರೆಯಾಯಿತು, ಅದು ಬೇರೆ ಮಾತು.

ಈ ಹಿಂದಿನವರು ಎಷ್ಟು ಹಿಂದಿನವರು? ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದರೆ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದಲ್ಲಿ ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಪಠ್ಯಪುಸ್ತಕದಲ್ಲಿ ಅದು ಬರುವುದು ಮಯೂರಶರ್ಮ ಕಂಚಿಗೆ ಹೋಗಿ ಅವಮಾನಗೊಂಡು ರಾಜ್ಯ ಕಟ್ಟಿದ ಕಥೆಗಾಗಿ. ನಾನೂ ಮೂವತ್ತೊಂದು ವರ್ಷ ಅದನ್ನೇ ಹೇಳಿದೆ. ಆದರೆ ಆ ಶಾಸನ ಹುಟ್ಟಿದ್ದು ಮಯೂರಶರ್ಮನಿಗಾಗಿ ಅಲ್ಲ. ಕಾಕುಸ್ಥವರ್ಮ ಆ ಶಿವಾಲಯದ ಹತ್ತಿರ ಒಂದು ದೊಡ್ಡ ಕೆರೆ ಮಾಡಿಸಿದನೆಂದು ತಿಳಿಸುವುದೇ ಅದರ ಕೆಲಸ. ಕೆರೆಯ ಸುದ್ದಿ ಹೇಳಲು ಹೊರಟ ಕವಿ ಪೀಠಿಕೆಯಾಗಿ ವಂಶದ ಕಥೆ ಹೇಳಿದ. ನಾವು ಪೀಠಿಕೆಯನ್ನು ಇಟ್ಟುಕೊಂಡು ಕೆರೆಯನ್ನು ಬಿಟ್ಟೆವು.

ಇರಲಿ. ಕೆರೆ ಆರಿಸುವುದಕ್ಕೆ ಇವುಗಳ ಸಂಬಂಧ ತಿಳಿದಿರಬೇಕು. ನಮ್ಮ ಕಡೆಯ ಕೆರೆಗಳು ಒಂಟಿಯಲ್ಲ, ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೀನು ಈ ದಾರಿಯಲ್ಲೇ ಇಳಿಯುತ್ತದೆ, ಈ ದಾರಿಯಲ್ಲೇ ಏರುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಗದ್ದೆಯ ಕಾಲುವೆಗಳಲ್ಲಿ ಕೆಂಪು ನೀರಿಗೆ ಎದುರಾಗಿ ಮೀನು ಹತ್ತುವುದನ್ನು ನೋಡಿದವರಿಗೆ ಇದು ಗೊತ್ತು. ಮೊಟ್ಟೆಯಿಡಲು ಹೊಸ ನೀರು ಹುಡುಕಿಕೊಂಡು ಹೋಗುವ ಅವುಗಳನ್ನು ನಾವು 'ಹತ್ತುಮೀನು' ಎನ್ನುತ್ತಿದ್ದೆವು. ಆದ್ದರಿಂದ ಬಗೆಬಗೆಯ ಮೀನು ಬೇಕೆನ್ನುವವನು ಸರಪಳಿಯ ಕೆಳಗಿನ ಕೆರೆಗೆ ಹೋಗಬೇಕು. ಇದು ಮಾವ ಹೇಳಿಕೊಟ್ಟ ಮೊದಲ ಪಾಠ. ಹಾಳೆಯ ಮೇಲೆ ಅಂಥ ಐದು ಕೆರೆಗಳ ಹೆಸರು ಬರೆದುಕೊಂಡೆ.

ಎರಡನೆಯ ಪ್ರಶ್ನೆ, ಹೇಗೆ? ಇದಕ್ಕೆ ಮಾವನಿಗಿಂತ ದೊಡ್ಡ ಗುರುವೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, ಭೂಲೋಕಮಲ್ಲ ಎಂಬ ಬಿರುದಿನವನು, 1126ರಿಂದ 1138ರವರೆಗೆ ಆಳಿದವನು. ನಮ್ಮ ಬನವಾಸಿ ಹನ್ನೆರಡು ಸಾವಿರವೂ ಅದರ ರಾಜಧಾನಿ ಬಳ್ಳಿಗಾವೆಯೂ ಅವನ ಆಳಿಕೆಗೆ ಸೇರಿದ್ದವು. ಅವನ ಹೆಸರಿನ 'ಮಾನಸೋಲ್ಲಾಸ' ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ರಾಜ್ಯ ನಡೆಸುವುದರಿಂದ ಹಿಡಿದು ಆನೆ ಪಳಗಿಸುವುದು, ಅಡುಗೆ, ಸಂಗೀತ, ಮಲ್ಲಯುದ್ಧ, ಕೋಳಿಕಾಳಗದವರೆಗೆ ಅರಸನಾದವನಿಗೆ ತಿಳಿದಿರಬೇಕಾದ್ದೆಲ್ಲ ಅದರಲ್ಲಿದೆ. ಇಡ್ಲಿ ದೋಸೆಗಳ ಪೂರ್ವಜರು ಅದರಲ್ಲಿ ಸಿಗುತ್ತವೆಂದು ಎಲ್ಲರೂ ಹೇಳುತ್ತಾರೆ. ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವಿದೆಯೆಂದು ಹೇಳುವವರು ಕಡಿಮೆ.

ಅದು ಗಾಳದ ಶಾಸ್ತ್ರವೇ ಸರಿ. ಕಡಲಿನವು, ಸಿಹಿನೀರಿನವು, ಪರೆ ಇರುವವು, ಪರೆ ಇಲ್ಲದವು ಎಂದು ಸುಮಾರು ಮೂವತ್ತೈದು ಬಗೆಯ ಮೀನುಗಳ ಹೆಸರು ಹೇಳುತ್ತದೆ. ಯಾವುದಕ್ಕೆ ಯಾವ ಮೇವು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಲ್ಲವೂ ಉಂಟು. ಭಾರತದ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಎಂಬ ಮೀನುವಿಜ್ಞಾನಿ 1951ರಲ್ಲಿ ಈ ಅಧ್ಯಾಯವನ್ನು ಹಿಡಿದು ಕೂತು, ಹಳೆಯ ಹೆಸರುಗಳು ಇಂದಿನ ಯಾವ ಯಾವ ಮೀನುಗಳಿಗೆ ಹೊಂದುತ್ತವೆ ಎಂದು ವಿವರವಾಗಿ ಬರೆದರು. ಅರಸನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ ಎಂದು ಅದನ್ನು ಓದಿದರೆ ತಿಳಿಯುತ್ತದೆ.

ಮೇವು ಹಾಕಿ ಮೀನನ್ನು ರೂಢಿ ಮಾಡಿಸುವ ವಿದ್ಯೆ ಮಾವನಿಗೂ ಗೊತ್ತು. ಗಾಳಕ್ಕೆ ಹೋಗುವ ಮೂರು ದಿನ ಮೊದಲೇ ಪ್ರತಿ ಸಂಜೆ ಹೋಗಿ, ಹುರಿದ ಅಕ್ಕಿತೌಡಿಗೆ ಕಡಲೆಹಿಂಡಿ ಬೆರೆಸಿ ಉಂಡೆ ಕಟ್ಟಿ ಒಂದೇ ಜಾಗದಲ್ಲಿ ಹಾಕಿ ಬರುತ್ತಿದ್ದರು. ಯಾರಾದರೂ ಕೇಳಿದರೆ ಕಾಲು ತೊಳೆಯಲು ಬಂದೆ ಎನ್ನುತ್ತಿದ್ದರು. ಮಾನಸೋಲ್ಲಾಸದ ಸುದ್ದಿಯನ್ನು ನಾನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅವನಿಗೇನು, ಉಂಡೆ ಹಾಕೋಕೆ ಆಳಿದ್ರು" ಎಂದರು.

ಆಳು ಮಾತ್ರವಲ್ಲ, ಇನ್ನೊಂದು ಅನುಕೂಲವೂ ಅರಸನಿಗಿತ್ತು. ಯಾರ ನೀರು ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಗಾಳದ ವಿಷಯ ಬರೆದ ಇನ್ನೊಬ್ಬ ದೊಡ್ಡ ಮನುಷ್ಯನ ಕಥೆಯೂ ಹಾಗೆಯೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. 1887ರಲ್ಲಿ ಕೆರೆಯ ಮೀನಿಗೇ ಮೀಸಲಾಗಿ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಬರೆದ. ಜಿಲ್ಲೆಗೆ ದೊರೆಯಂತಿದ್ದ ಕಲೆಕ್ಟರನನ್ನು ತಡೆಯುವವರು ಯಾರು? ಆದರೆ ಥಾಮಸನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಳೆಗೆ ವಿಷ ಹಾಕಿ, ಸಣ್ಣ ಕಣ್ಣಿನ ಬಲೆ ಬೀಸಿ ಮರಿಮೀನುಗಳನ್ನು ರಾಶಿಗಟ್ಟಲೆ ಕೊಲ್ಲುವುದನ್ನು ಕಂಡು ಅವನು ಸಂಕಟಪಟ್ಟು ಸರಕಾರಕ್ಕೆ ಬರೆದ. ಅವನಂಥವರು ಕೂಗಿದ್ದರಿಂದಲೂ ಇರಬಹುದು, 1897ರಲ್ಲಿ ಬಂದ ಮೀನುಗಾರಿಕೆ ಕಾಯಿದೆ ಸಿಡಿಮದ್ದು, ವಿಷ ಎರಡನ್ನೂ ಅಪರಾಧವೆಂದಿತು. ನಾಲ್ಕು ವರ್ಷಕ್ಕೆ ಮೈಸೂರು ಸಂಸ್ಥಾನವೂ ಬೇಟೆ ಮತ್ತು ಮೀನಿನ ರಕ್ಷಣೆಗೆ ತನ್ನದೇ ಕಾನೂನು ಮಾಡಿತು.

ಅರಸನೂ ಅಲ್ಲದ, ಕಲೆಕ್ಟರನೂ ಅಲ್ಲದ ನನ್ನಂಥವನಿಗೆ ಮೂರನೆಯ ಪ್ರಶ್ನೆ ಉಳಿಯುತ್ತದೆ: ಯಾರನ್ನು ಕೇಳಬೇಕು? ಉಳಿದೆರಡಕ್ಕಿಂತ ಕಷ್ಟದ್ದು ಇದೇ ಎಂದು ಫೋನು ಹಿಡಿದ ಮೇಲೆ ಗೊತ್ತಾಯಿತು.

ನನ್ನ ಹಾಳೆಯ ಮೊದಲ ಕೆರೆಯಲ್ಲಿ ನೀರಿರಲಿಲ್ಲ, ಹೂಳೆತ್ತುವ ಯಂತ್ರ ಇಳಿದಿತ್ತು. ಎರಡನೆಯದರಲ್ಲಿ ನೀರಿತ್ತು, ಕಾಣುತ್ತಿರಲಿಲ್ಲ. ಜೊಂಡು ಬೆಳೆದು ದನ ಮೇಯುವಂತಾಗಿತ್ತು. ಮೂರನೆಯದು ದೊಡ್ಡ ಕೆರೆ, ಇಲಾಖೆಯದು, ಸಹಕಾರ ಸಂಘಕ್ಕೆ ಗುತ್ತಿಗೆಯಾಗಿತ್ತು. ಅಲ್ಲಿ ಫೋನು ಎತ್ತಿಕೊಂಡವರು ಇನ್ನೊಬ್ಬರನ್ನು ಕೇಳಿ ಎಂದರು, ಅವರು ಮತ್ತೊಬ್ಬರ ಕಡೆ ತೋರಿಸಿದರು, ಮತ್ತೊಬ್ಬರು ಮೊದಲಿನವರನ್ನೇ ಕೇಳಿ ಎಂದರು. ನಾಲ್ಕನೆಯ ಕೆರೆಯ ದಂಡೆಯಲ್ಲಿ ಬೇಲಿ ಬಂದಿತ್ತು. ಕೊನೆಗೆ ಉಳಿದದ್ದು ಐದನೆಯದು, ಮಾವನ ಊರಿನದೇ ಹಿರೇಕೆರೆ. ಅದನ್ನು ಕೊನೆಯಲ್ಲಿ ಬರೆದುಕೊಂಡಿದ್ದಕ್ಕೆ ಕಾರಣವಿತ್ತು. ಮಾವ ಆ ಕೆರೆಯಲ್ಲಿ ಗಾಳ ಹಾಕಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಮನೆಯ ಹಿತ್ತಲಿಂದ ಕೂಗಿದರೆ ಕೇಳುವಷ್ಟು ಹತ್ತಿರದ ನೀರನ್ನು ಬಿಟ್ಟು ನಾಲ್ಕು ಮೈಲಿ ನಡೆಸಿಕೊಂಡು ಹೋಗುತ್ತಿದ್ದರು. ಹುಡುಗನಾಗಿದ್ದಾಗ ಕೇಳಿದ್ದಕ್ಕೆ, ಅಲ್ಲಿ ಬರೀ ಚೇಳುಮೀನು, ಮುಳ್ಳು ಚುಚ್ಚಿದರೆ ಎರಡು ದಿನ ಕೈ ಎತ್ತಲಾರೆ ಎಂದು ಹೆದರಿಸಿದ್ದರು.

ಚೇಳುಮೀನಿನ ಮಾತು ಸುಳ್ಳಲ್ಲ. ಅದರ ಕಿವಿರಿನ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ನಾನು ಅದನ್ನು ತಿಳಿದದ್ದು ಅದೇ ಹಿರೇಕೆರೆಯ ಕೆರೆಬೇಟೆಯಲ್ಲಿ, ಹತ್ತು ವರ್ಷದವನಾಗಿದ್ದಾಗ.

ಕೆರೆಬೇಟೆಯನ್ನು ನೋಡದವರಿಗೆ ಸ್ವಲ್ಪ ವಿವರಿಸಬೇಕು. ಬೇಸಿಗೆಯ ಕೊನೆಗೆ ಕೆರೆಯ ನೀರು ಇಳಿದು ಮೊಣಕಾಲು, ತೊಡೆಯ ಮಟ್ಟಕ್ಕೆ ಬಂದಾಗ ಊರಿನ ಹಿರಿಯರು ಸೇರಿ ಒಂದು ದಿನ ಗೊತ್ತು ಮಾಡುತ್ತಾರೆ. ಸುತ್ತಲ ಊರುಗಳಿಗೆ ಸುದ್ದಿ ಹೋಗುತ್ತದೆ. ಆ ದಿನ ಬೆಳಿಗ್ಗೆ ಏರಿಯ ಮೇಲೆ ನೂರಾರು ಜನ, ಒಬ್ಬೊಬ್ಬರ ಕೈಯಲ್ಲೂ ಬಿದಿರಿನ ಕೂಣಿ. ಕೂಣಿಯೆಂದರೆ ತಳವಿಲ್ಲದ ಬುಟ್ಟಿ. ಕೆಳಗೆ ಅಗಲ, ಮೇಲೆ ಕೈ ತೂರುವಷ್ಟು ಬಾಯಿ. ಕೂಣಿಗೆ ಇಷ್ಟೆಂದು ಹಣ ಕಟ್ಟಿ ನಿಲ್ಲಬೇಕು. ಪೂಜೆಯಾಗಿ ಗಂಗೆಗೆ ಕಾಯಿ ಬಿಟ್ಟು ಊರಗೌಡರು ಸನ್ನೆ ಮಾಡುವ ತನಕ ಯಾರ ಹೆಬ್ಬೆರಳೂ ನೀರಿಗೆ ತಾಗಬಾರದು. ಸನ್ನೆಯಾದದ್ದೇ ತಡ, ಏರಿಯೇ ಕುಸಿದು ಕೆರೆಗೆ ಬಿತ್ತೇನೋ ಎಂಬಂತೆ ಜನ ನುಗ್ಗುತ್ತಾರೆ. ಕೂಣಿಯನ್ನು ಕೆಸರಿಗೆ ಕುಕ್ಕುವುದು, ಒಳಗೆ ಮೀನು ಬಡಿದಾಡಿದ್ದು ಕೈಗೆ ತಿಳಿದರೆ ಮೇಲಿನ ಬಾಯಿಂದ ಕೈ ಹಾಕಿ ಹಿಡಿಯುವುದು. ಒಳಗಿರುವುದು ಕುಚ್ಚೋ ಚೇಳುಮೀನೋ ಹಾವೋ ಎಂದು ಬೆರಳೇ ಹೇಳಬೇಕು. ಅರ್ಧ ಗಂಟೆಯಲ್ಲಿ ಕೆರೆಯೆಲ್ಲ ಗಂಜಿಯಂತೆ ಕದಡಿ, ಉಸಿರಿಗಾಗಿ ಮೀನುಗಳು ತಾವಾಗಿಯೇ ಮೇಲೆ ಬರುತ್ತವೆ.

ಕೂಣಿಯ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಆ ವಯಸ್ಸಿನಲ್ಲಿ ನಾನು ಗಮನಿಸಿರಲಿಲ್ಲ. ದೇವಸ್ಥಾನಕ್ಕೆ ಒಂದು ಪಾಲು, ಕೆರೆಗೆ ಒಂದು ಪಾಲು. ತೂಬಿನ ಕಲ್ಲು ಸರಿದಿದ್ದರೆ, ಕೋಡಿ ಕೊರೆದಿದ್ದರೆ, ಮಳೆಗೆ ಮೊದಲು ರಿಪೇರಿಯಾಗಬೇಕಲ್ಲ! ಕೆರೆಯ ಮೀನು ಯಾರದೂ ಅಲ್ಲದ ಮೀನಾಗಿರಲಿಲ್ಲ. ಕೆರೆಯನ್ನು ಉಳಿಸಿಕೊಂಡವರಿಗೆ ಸಲ್ಲುವ ಪಾಲಾಗಿತ್ತು ಅದು.

ಇದು ಹಳೆಯ ಲೆಕ್ಕ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದ್ದಕ್ಕೂ, ಕೆಟ್ಟದ್ದನ್ನು ಸರಿಪಡಿಸಿದ್ದಕ್ಕೂ ಬಿಟ್ಟುಕೊಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಹೆಸರು. ಕೆರೆಬಂಡಿಗೆಂದು ದತ್ತಿ ಬಿಟ್ಟವರಿದ್ದಾರೆ. ಬಂಡಿಯೆಂದರೆ ಮೆರವಣಿಗೆಯ ರಥವಲ್ಲ. ಕೆರೆಯ ಹೂಳು ಹೊತ್ತು ಹೊರಗೆ ಸಾಗಿಸುವ, ಏರಿಗೆ ಮಣ್ಣು ತಂದು ಸುರಿಯುವ ಎತ್ತಿನ ಗಾಡಿ. ಕೆರೆಯನ್ನು ಒಮ್ಮೆ ಕಟ್ಟಿ ಕೈತೊಳೆದುಕೊಂಡರೆ ಸಾಲದು, ಮಳೆ ಪ್ರತಿ ವರ್ಷ ಗುಡ್ಡದ ಮಣ್ಣನ್ನು ತಂದು ಅದರ ಹೊಟ್ಟೆಗೆ ತುಂಬುತ್ತದೆ ಎಂದು ಬಲ್ಲವರು ಮಾಡಿದ ಏರ್ಪಾಡು ಇದು. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳು ಮತ್ತು ಎಂಟನೆಯ ಸಂಪುಟಗಳು ನಮ್ಮ ಜಿಲ್ಲೆಯವು, 1902 ಮತ್ತು 1904ರಲ್ಲಿ ಬಂದವು. ಯುದ್ಧದಲ್ಲಿ ಸತ್ತ ವೀರರ ಜೊತೆಗೇ ಕೆರೆಗಳೂ ಅವುಗಳಲ್ಲಿ ಎಷ್ಟು ಸಲ ಬರುತ್ತವೆಂದು ಎಣಿಸಹೊರಟು ಬಿಟ್ಟಿದ್ದೇನೆ. ಆಮೇಲೆ ಕೆರೆಗಳೆಲ್ಲ ಸರಕಾರದವಾದವು. ಊರವರು ಕೈಬಿಡುತ್ತಿದ್ದಾರೆಂದು ಕಂಡು ಮೈಸೂರು ಸರಕಾರ 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನೂ ತಂದಿತು. ಹೂಳು ಮಾತ್ರ ಯಾವ ಕಾನೂನನ್ನೂ ಓದಲಿಲ್ಲ.

ಹಿರೇಕೆರೆ ಈಗ ಗ್ರಾಮ ಪಂಚಾಯಿತಿಯಿಂದ ಒಬ್ಬ ಹುಡುಗನಿಗೆ ಮೀನಿನ ಗುತ್ತಿಗೆಯಾಗಿತ್ತು. ಹುಡುಗನೆಂದರೆ ಮೂವತ್ತರ ಹತ್ತಿರದವನು, ಐಟಿಐ ಓದಿದವನು. ಫೋನಿನಲ್ಲಿ ಖಂಡಿತವಾಗಿ ಆಗುವುದಿಲ್ಲ ಎಂದ. "ಒಂದು ಕೋಲು ಅಂತ ಬರ್ತಾರೆ ಸಾರ್, ರಾತ್ರಿ ಬಲೆ ಬಿಡ್ತಾರೆ. ಮರಿ ತಂದು ಹಾಕಿದ ದುಡ್ಡು ಯಾರು ಕೊಡ್ತಾರೆ?" ನನಗೆ ಸಿಟ್ಟು ಬಂತು. ನನ್ನ ಮಾವ ಹುಟ್ಟಿದ ಊರಿನ ಕೆರೆ, ಆ ಕೆರೆಯ ನೀರಿನಲ್ಲಿ ಬೆಳೆದ ಅನ್ನ ಉಂಡವನು ನಾನು, ನಿನ್ನೆ ಮೊನ್ನೆ ಟೆಂಡರು ಕೂಗಿದವನು ಆಗುವುದಿಲ್ಲ ಎನ್ನುವುದೇ! ಮಾತು ಬೆಳೆಸದೆ ಮಾರನೆಯ ದಿನ ಬಸ್ಸು ಹತ್ತಿ ಅವನನ್ನೇ ಹುಡುಕಿಕೊಂಡು ಹೋದೆ.

ತೂಬಿನ ಹತ್ತಿರ ಕೂತು ಮಾತಾಡಿದೆವು. ಅವನು ಹಾಕಿದ್ದು ಕಾಟ್ಲಾ, ರೋಹು, ಮೃಗಾಲ್. ಭದ್ರಾ ಪ್ರಾಜೆಕ್ಟಿನ ಮೀನುಮರಿ ಕೇಂದ್ರದಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ತಂದು, ಚೀಲವನ್ನು ಮೊದಲು ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬಂದ ಮೇಲೆ ಬಾಯಿ ಬಿಚ್ಚಿದನಂತೆ. ಅದನ್ನು ಅವನು ಹೇಳಿದ ರೀತಿಯಲ್ಲಿ, ತೊಟ್ಟಿಲಿಗೆ ಹಾಕಿದ್ದನ್ನು ಹೇಳುವ ಮೃದುತ್ವವಿತ್ತು. ನನ್ನ ಸಿಟ್ಟು ಅಲ್ಲಿಗೆ ಸ್ವಲ್ಪ ಇಳಿಯಿತು.

ಈ ಮೂರೂ ಮೀನುಗಳು ಗಂಗೆಯ ಕಡೆಯವು. ಅವು ಹೊಳೆಯ ಹರಿಯುವ ನೀರಿನಲ್ಲಿ ಮಾತ್ರ ಮೊಟ್ಟೆಯಿಡುತ್ತವೆ, ಕೆರೆಯಲ್ಲಿ ಬೆಳೆಯುತ್ತವೆ ಆದರೆ ಹೆರುವುದಿಲ್ಲ. ಹಾಗಾಗಿ ಮೊದಲು ಮರಿಗಾಗಿ ಹೊಳೆಗೇ ಹೋಗಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಈ ಜಾತಿಯ ಮೀನುಗಳಿಗೆ ಗ್ರಂಥಿಯ ರಸದ ಸೂಜಿ ಕೊಟ್ಟು ಕೊಳದಲ್ಲೇ ಮೊಟ್ಟೆಯಿಡಿಸಿದರು. ನಮ್ಮ ಊರುಕೇರಿಯ ಕೆರೆಗಳಿಗೆ ಗಂಗೆಯ ಮೀನು ಸುಲಭವಾಗಿ ಬರುವಂತಾದದ್ದು ಅದರ ಮೇಲೆಯೇ. ಇಲ್ಲಿ ಇತಿಹಾಸದವನ ಒಂದು ಹುಚ್ಚು ಲೆಕ್ಕ ಹೇಳದೆ ಇರಲಾರೆ. ಟಿಪ್ಪು ಬಿದ್ದ ಮೇಲೆ ಈ ನಾಡನ್ನು ನೋಡಿ ಬರೆಯಲು ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ದಾರಿಯಲ್ಲಿ, ಅಂದರೆ ನಮ್ಮ ಕೆರೆಗಳ ಮಧ್ಯೆಯೇ ಹಾದುಹೋದ. ಮುಂದೆ ಅವನು ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ದೊಡ್ಡ ಪುಸ್ತಕ ತಂದ. ರೋಹು, ಕಾಟ್ಲಾ, ಮೃಗಾಲ್ ಮೂರಕ್ಕೂ ಶಾಸ್ತ್ರೀಯ ಹೆಸರು ಕೊಟ್ಟವನು ಅವನೇ. ಅವನು ಹೆಸರಿಟ್ಟ ಮೀನುಗಳು ಅವನು ಕುದುರೆಯೇರಿ ದಾಟಿದ ಸೀಮೆಗೆ ಒಂದೂವರೆ ಶತಮಾನ ಕಳೆದು ಪ್ಲಾಸ್ಟಿಕ್ ಚೀಲದಲ್ಲಿ ಬಂದವು.

ಗುತ್ತಿಗೆಯ ಹುಡುಗ ಇದನ್ನೆಲ್ಲ ತಾಳ್ಮೆಯಿಂದ ಕೇಳಿದ. ಕೇಳಿ, ಶರತ್ತು ಹೇಳಿದ. ಎರಡೇ ಕೋಲು. ಹತ್ತು ಗಂಟೆಯೊಳಗೆ ಮುಗಿಯಬೇಕು. ತಾನು ಹಾಕಿದ ಮೀನು ಕಚ್ಚಿದರೆ ಗಾಳ ಬಿಡಿಸಿ ನೀರಿಗೇ ಬಿಡಬೇಕು. "ಕುಚ್ಚು ಸಿಕ್ಕಿದ್ರೆ ಎಷ್ಟು ಬೇಕಾದ್ರೂ ತಗೊಳ್ಳಿ ಸಾರ್. ನಮ್ಮ ಮರಿ ತಿನ್ನೋ ಕಳ್ಳ ಅದು."

ಕುಚ್ಚು ಎಂದರೆ ಬಯಲುಸೀಮೆಯವರ ಕೊರವ. ಹಾವಿನಂಥ ತಲೆ, ಮುಳ್ಳು ಕಡಿಮೆಯ ಮಾಂಸ. ಗಾಳಿಯನ್ನೇ ಉಸಿರಾಡಬಲ್ಲುದು, ಕೆರೆ ಬತ್ತಿದರೆ ಕೆಸರಿನೊಳಗೆ ಹೊಕ್ಕು ಮಳೆಗೆ ಕಾಯಬಲ್ಲುದು. ಮರಿಗಳು ಕೆಂಪಗೆ ಒಂದು ತಟ್ಟೆಯಷ್ಟು ಅಗಲಕ್ಕೆ ಗುಂಪಾಗಿ ತೇಲುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅಲ್ಲಿ ಗಾಳ ಬಿಟ್ಟರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತವೆ. ಕೆಂಪು ಮರಿ ಕಂಡಲ್ಲಿ ಮಾವ ಕೋಲು ಮಡಚಿ ಬೇರೆ ಕಡೆ ನಡೆಯುತ್ತಿದ್ದರು. ನಮ್ಮ ಕೆರೆಗಳ ಮೂಲನಿವಾಸಿ ಇದು. ಒಂದು ಕಾಲಕ್ಕೆ ಕೆರೆಬೇಟೆಯ ರಾಜ, ಈಗ ಕಳ್ಳನಾಗಿತ್ತು. ಹುಡುಗನನ್ನು ತಪ್ಪೆನ್ನಲಾರೆ, ಅವನು ಸಾಲ ಮಾಡಿ ಮರಿ ತಂದವನು.

ಶರತ್ತುಗಳನ್ನು ಮಾವನಿಗೆ ಹೇಗೆ ಹೇಳುವುದೆಂದು ಅಳುಕುತ್ತಲೇ ಹೇಳಿದೆ. ಹಿರೇಕೆರೆ ಎಂದದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೇಳ್ದೆ ತಾನೆ? ಒಪ್ಪಿದ್ನಾ?" ಎಂದರು. ಹೌದೆಂದೆ. "ಹಂಗಾದ್ರೆ ಸರಿ. ಕೂಣಿಗೆ ಕೊಟ್ಟಂಗೆ ಏನಾದ್ರೂ ಕೊಡ್ಬೇಕು. ಬಿಟ್ಟಿ ಬೇಡ."

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಹೋದೆವು. ಉಂಡೆ ಹಾಕುವ ಕೆಲಸವನ್ನು ಮೂರು ಸಂಜೆ ನಾನೇ ಮಾಡಿದ್ದೆ, ಕಾಲು ತೊಳೆಯಲು ಬಂದೆ ಎನ್ನುವ ಅಗತ್ಯ ಬೀಳಲಿಲ್ಲ. ಏರಿಯ ತನಕ ಆಟೋ, ಅಲ್ಲಿಂದ ನನ್ನ ಹೆಗಲು. ತೂಬಿನ ಪಕ್ಕದ ಚಪ್ಪಡಿಯ ಮೇಲೆ ಗೋಣಿತಟ್ಟು ಹಾಸಿ ಕೂರಿಸಿದೆ. ಮಂಜು ಇನ್ನೂ ಎದ್ದಿರಲಿಲ್ಲ. ಎರೆಹುಳ ಪೋಣಿಸಲು ಅವರ ಬೆರಳು ನಡುಗಿದಾಗ ನಾನು ಕೈ ಚಾಚಿದೆ, ಅವರು ಕೊಡಲಿಲ್ಲ. ಬೆಂಡು ನೀರಿನ ಮೇಲೆ ನಿಂತಿತು. ಅವರ ಕಣ್ಣಿಗೆ ಅದು ಕಾಣುತ್ತಿತ್ತೋ ಇಲ್ಲವೋ, ದಾರದ ಮೇಲೆ ತೋರುಬೆರಳು ಇಟ್ಟುಕೊಂಡು ಕೂತರು.

ಎರಡು ಸಣ್ಣ ಪಕ್ಕೆ ಮೀನು, ಒಂದು ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ, ಆಫ್ರಿಕ ಮೂಲದ ಈ ಜಿಲೇಬಿ ಮೀನು ಈಗ ಇಲ್ಲದ ಕೆರೆಯಿಲ್ಲ. ನನಗೆ ಒಂದು ರೋಹು ಕಚ್ಚಿತು, ಗುತ್ತಿಗೆಯ ಹುಡುಗ ನೋಡುತ್ತಿದ್ದಂತೆಯೇ ಬಿಡಿಸಿ ನೀರಿಗೆ ಬಿಟ್ಟೆ. ಅವನು ನಕ್ಕು ಬೈಕು ಹತ್ತಿ ಹೋದ.

ಅವನು ಹೋದ ಮೇಲೆ ಮಾವ ಹೇಳಿದರು. ಹೇಳಬೇಕೆಂದೇ ಬಂದಿದ್ದರೋ, ನೀರು ಹೇಳಿಸಿತೋ ತಿಳಿಯದು. ಅವರಿಗೆ ಹತ್ತೊಂಬತ್ತೋ ಇಪ್ಪತ್ತೋ ಆಗಿದ್ದಾಗಿನ ಮಾತು. ಕೆರೆಬೇಟೆಯ ಹಿಂದಿನ ರಾತ್ರಿ ಇದೇ ತೂಬಿನ ಹತ್ತಿರ ಇಳಿದು ಮೂರು ಕುಚ್ಚು ಹಿಡಿದರಂತೆ. ಮನೆಯಲ್ಲಿ ನನ್ನ ಅಜ್ಜಿ ಜ್ವರ ಬಂದು ಮಲಗಿದ್ದರು, ಏನು ಕೊಟ್ಟರೂ ಸೇರುತ್ತಿರಲಿಲ್ಲ, ಮೀನು ಬೇಕೆಂದಿದ್ದರು. ಮಾರನೆಯ ದಿನ ಹೇಗೂ ಸಿಗುತ್ತಿತ್ತಲ್ಲ ಎಂದೆ. "ಸಿಕ್ತಿತ್ತು. ಆದ್ರೆ ಕೂಣಿಗೆ ಕಟ್ಟೋಕೆ ಎಂಟಾಣೆ ಇರಲಿಲ್ಲ" ಎಂದರು. ಬೆಳಿಗ್ಗೆ ಕೆಸರಿನ ಹೆಜ್ಜೆ ಮನೆಯ ತನಕ ಬಂದಿತ್ತು. ಊರವರು ಏರಿಯ ಮೇಲೆ ಕೂರಿಸಿ ದಂಡ ಹಾಕಿದರು. ಹಣವಿಲ್ಲದವನಿಗೆ ಹಣದ ದಂಡವಲ್ಲ. ಕೆರೆಯ ಹೂಳು ಹನ್ನೆರಡು ಬಂಡಿ ಹೊತ್ತು ಹಾಕುವುದು. ಹೊತ್ತರು. ಆ ವರ್ಷದ ಬೇಟೆಯನ್ನು ಏರಿಯ ಮೇಲೆ ನಿಂತು ನೋಡಿದರು. ಅದರ ಮೇಲೆ ಆ ನೀರಿಗೆ ಗಾಳ ಬಿಡಲಿಲ್ಲ.

ಶಾಸನದ ಕೆರೆಬಂಡಿಯನ್ನು ಮೂವತ್ತೊಂದು ವರ್ಷ ಮಕ್ಕಳಿಗೆ ಬರೆಸಿದವನು ನಾನು. ಮನೆಯಲ್ಲೇ ಹನ್ನೆರಡು ಬಂಡಿಯಿತ್ತೆಂದು ತಿಳಿದಿರಲಿಲ್ಲ.

ಒಂಬತ್ತೂವರೆಯ ಸುಮಾರಿಗೆ ಮಾವನ ಬೆಂಡು ಅಲುಗದೆ ಒಮ್ಮೆಗೇ ಮಾಯವಾಯಿತು. ಕುಚ್ಚಿನ ಕಡಿತ ಹಾಗೆಯೇ. ನಾನು ಎದ್ದು ಕೋಲು ಹಿಡಿಯುವಷ್ಟರಲ್ಲಿ ಅವರೇ ಕೂತಲ್ಲಿಂದ ಎಳೆದು ಚಪ್ಪಡಿಯ ಮೇಲೆ ಕೆಡವಿದ್ದರು. ಮೊಳದುದ್ದದ ಕಪ್ಪು ಮೀನು. ಒದ್ದೆ ಗೋಣಿಯಲ್ಲಿ ಒತ್ತಿಹಿಡಿದು ಗಾಳ ಬಿಡಿಸಿದರು. ಬುಟ್ಟಿ ಮುಂದೆ ಹಿಡಿದೆ. ಅವರು ಬುಟ್ಟಿಯ ಕಡೆ ನೋಡಲಿಲ್ಲ. ರಸ್ತೆಯ ಕಡೆ ನೋಡಿದರು, ಬೈಕಿನ ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಕೈಯಲ್ಲಿ ಅದನ್ನು ನೀರಿಗೆ ಇಳಿಸಿದರು. ಅದು ಒಂದು ಕ್ಷಣ ಅಲ್ಲೇ ನಿಂತು ತೂಬಿನ ಕತ್ತಲೆಗೆ ಸರಿಯಿತು.

"ಮಾವ, ಅದನ್ನ ತಗೊಂಡು ಹೋಗಿ ಅಂತ ಅವನೇ ಹೇಳಿದ್ದ!"

"ಹೂಳು ಹೊತ್ತದ್ದು ದಂಡಕ್ಕೆ. ಮೀನು ವಾಪಸ್ ಕೊಟ್ಟಿರಲಿಲ್ಲ" ಎಂದು ಕೈ ತೊಳೆದುಕೊಂಡರು. ಸ್ವಲ್ಪ ತಡೆದು, "ಇನ್ನೂ ಎರಡು ಬಾಕಿ" ಎಂದರು.

ಹುಡುಗ ನೂರು ರೂಪಾಯಿ ತೆಗೆದುಕೊಳ್ಳಲಿಲ್ಲ. ಮಾವ ಅದನ್ನು ಏರಿಯ ಮೇಲಿನ ಚೌಡಮ್ಮನ ಕಲ್ಲಿನ ಮುಂದೆ ಇಟ್ಟು ಮೇಲೆ ಒಂದು ಬೆಣಚುಕಲ್ಲು ಹೇರಿದರು. ಬರುವಾಗ ಸಂತೆಯ ಹತ್ತಿರ ಆಟೋ ನಿಲ್ಲಿಸಿ ಒಂದು ಕಿಲೋ ಬಂಗುಡೆ ಕೊಂಡೆವು. ಅತ್ತೆ ಚೀಲ ಬಿಚ್ಚಿ ನೋಡಿ, "ಹಿರೇಕೆರೆಗೆ ಸಮುದ್ರ ಯಾವಾಗ ಬಂತು?" ಎಂದು ಕೇಳಿದರು. ಮಾವ ಆಗಲೇ ಒಳಗೆ ಹೋಗಿ ಮಲಗಿದ್ದರು, ಉತ್ತರ ಹೇಳುವ ಕೆಲಸವೂ ನನಗೇ ಬಿತ್ತು.